ಆಟದ ಲೋಕದಲ್ಲಿ ಪಾಠ: ಮಕ್ಕಳು ಬರೀ ಓಡಾಡುತ್ತಿದ್ದರೆ ಏನು ಮಾಡುವುದು?

ವರ್ಚುವಲ್ ಲೋಕಗಳನ್ನು, ಅಂದರೆ ಕಂಪ್ಯೂಟರಿನೊಳಗೆ ಓಡಾಡಬಹುದಾದ ಕಾಲ್ಪನಿಕ ಜಗತ್ತುಗಳನ್ನು, ಶಾಲೆಯಲ್ಲಿ ಬಳಸುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಲ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಜಾಸ್ತಿಯೇ ಉದ್ದ ಇದೆ, ಯಾಕೆಂದರೆ ಉಳಿದ ಪ್ರಶ್ನೆಗಳ ಬೇರೂ ಅಲ್ಲೇ ಇದೆ.

ಪ್ರಶ್ನೆ: ನಾನು 5ನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದ ಶಾಲಾ ಆವೃತ್ತಿ ಮೈನ್‌ಕ್ರಾಫ್ಟ್ ಎಜುಕೇಷನ್‌ನಲ್ಲಿ ಎರಡು ಸಲ ಪಾಠ ಮಾಡಿ ನೋಡಿದೆ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಒಬ್ಬ ನೆಲ ಅಗೆಯುತ್ತಾ ಕೂತ, ಒಬ್ಬಳು ಕುದುರೆ ಹತ್ತಿ ಎಲ್ಲಿಗೋ ಹೋದಳು, ಮತ್ತಿಬ್ಬರು ಗೆಳೆಯ ಕಟ್ಟಿದ ಮನೆ ಕೆಡವಿದರು. ಯಾರು ಏನು ಕಲಿತರು ಅಂತ ನನಗೇ ಗೊತ್ತಾಗಲಿಲ್ಲ. ತಪ್ಪು ನನ್ನದಾ, ಈ ವಿಧಾನದ್ದಾ?

ಉತ್ತರ: ಮೇಡಂ, ಮೊದಲ ಒಂದೆರಡು ಪಾಠ ಬಹಳ ಜನರಿಗೆ ಹೀಗೇ ಆಗುತ್ತದೆ. ನನಗೂ ಆಗಿತ್ತು. ಮಕ್ಕಳನ್ನು ದೊಡ್ಡ ಬಯಲಿಗೆ ಬಿಟ್ಟು "ಏನಾದರೂ ಕಟ್ಟಿ" ಅಂದರೆ ಓಡಾಡದೆ ಇನ್ನೇನು ಮಾಡುತ್ತಾರೆ? ಒಳಗೆ ಕಾಲಿಡುವ ಮೊದಲೇ ಅವರ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು. ಒಂದೇ ಒಂದು. ಅದೂ ಒಳಗೆ ಹೋಗಿ ಕೈಯಾಡಿಸಿದರೆ ಮಾತ್ರ ಉತ್ತರ ಸಿಗುವಂಥ ಪ್ರಶ್ನೆ. ಬೋರ್ಡಿನ ಮೇಲೆ ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ವಿಷಯಕ್ಕೆ ಮಕ್ಕಳನ್ನು ಸಾಲು ಮಾಡಿ ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋಗಬೇಡಿ.

ನಾನು ಮಾಡುವ ಒಂದು ಪಾಠ ಹೇಳುತ್ತೇನೆ. ಮೈನ್‌ಕ್ರಾಫ್ಟ್‌ನಲ್ಲಿ ಒಂದು ಬ್ಲಾಕ್ ಅಂದರೆ ಒಂದು ಘನ ಮೀಟರ್, ಇದನ್ನು ಮೊದಲು ಮಕ್ಕಳಿಗೆ ಹೇಳಿಬಿಡಿ. ಶುರುವಾಗುವುದು ಮೇಜಿನ ಮೇಲೆ, 24 ಮರದ ತುಂಡುಗಳಿಂದ. ಅಷ್ಟರಲ್ಲೇ ಎಷ್ಟು ಥರದ ಆಯತಘನ ಜೋಡಿಸಬಹುದು ಅಂತ ಹುಡುಕುತ್ತಾರೆ. ಆರು ಸಿಗುತ್ತವೆ. ಅದರಲ್ಲಿ 2, 3, 4 ಅಳತೆಯ ಗಿಡ್ಡ ಆಯತಘನವನ್ನು ಇಟ್ಟುಕೊಂಡು ಕೇಳುತ್ತೇನೆ: ಇದರ ಪ್ರತಿ ಬದಿಯನ್ನೂ ಎರಡರಷ್ಟು ಮಾಡಿದರೆ ಎಷ್ಟು ತುಂಡು ಬೇಕು? ಇಡೀ ತರಗತಿ ಒಂದೇ ದನಿಯಲ್ಲಿ "48" ಅನ್ನುತ್ತದೆ. ನಾನು ಸರಿ ಅನ್ನುವುದಿಲ್ಲ, ತಪ್ಪೂ ಅನ್ನುವುದಿಲ್ಲ. ಇಬ್ಬಿಬ್ಬರಿಗೆ ಒಂದು ಕಂಪ್ಯೂಟರ್ ಕೊಡುತ್ತೇನೆ, ಆಟದೊಳಗಿನ ಪೆಟ್ಟಿಗೆಯಲ್ಲಿ ಸರಿಯಾಗಿ 48 ನೀಲಿ ಬ್ಲಾಕ್ ಇಟ್ಟಿರುತ್ತೇನೆ, ಹೋಗಿ ಕಟ್ಟಿ ಅನ್ನುತ್ತೇನೆ. ಬುಡ 4ಕ್ಕೆ 6, ಎತ್ತರ 8. ಒಂದು ಪದರಕ್ಕೇ 24 ಹೋಗುತ್ತದೆ. ಎರಡು ಪದರ ಏಳುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಆ ಕ್ಷಣ ಕೋಣೆಯಲ್ಲಿ ಆಗುವ ಗಲಾಟೆ ಇದೆಯಲ್ಲ, ಅದಕ್ಕೋಸ್ಕರವೇ ನಾನು ಇಷ್ಟೆಲ್ಲ ಮಾಡುವುದು. "ಸರ್, ನಮಗೆ ಕಮ್ಮಿ ಕೊಟ್ಟಿದ್ದೀರಿ!" ಅಂತ ಒಬ್ಬ. ಪಕ್ಕದವಳು ಆಗಲೇ ಬೆರಳು ಮಡಚಿ ಎಣಿಸುತ್ತಿರುತ್ತಾಳೆ, ಎಂಟು ಪದರ, ಒಂದೊಂದಕ್ಕೆ 24, ಒಟ್ಟು 192. ಒಮ್ಮೆ ಒಬ್ಬ ಹುಡುಗ ಒಳಗೆ ಟೊಳ್ಳು ಬಿಟ್ಟು ಉಳಿಸೋಣ ಅಂದ. ಲೆಕ್ಕ ಹಾಕಿದರೆ ಆಗಲೂ 144 ಬೇಕು! ಎರಡರಷ್ಟಲ್ಲ, ಎಂಟರಷ್ಟು ಅನ್ನುವುದನ್ನು ಅವತ್ತು ನಾನು ಹೇಳಲೇ ಇಲ್ಲ. ಅವರೇ ಹೇಳಿದರು.

ಇಲ್ಲಿ ಗಮನಿಸಿ: 24 ತುಂಡಿಗೆ ಮರದ ತುಂಡೇ ಸಾಕಿತ್ತು, ಕಂಪ್ಯೂಟರ್ ಬೇಕಿರಲಿಲ್ಲ. ಒಂದೊಂದು ಜೋಡಿಗೂ 192 ಮರದ ತುಂಡು ಯಾವ ಶಾಲೆಯಲ್ಲೂ ಸಿಗುವುದಿಲ್ಲ, ಅಲ್ವಾ? ಕಂಪ್ಯೂಟರ್ ಬೇಕಾಗಿದ್ದು ಅಲ್ಲಿ.

ಇನ್ನು ಓಡಾಟದ ವಿಷಯ. ಶಿಕ್ಷಕರಿಗೆಂದೇ ಬಾರ್ಡರ್ ಬ್ಲಾಕ್ ಅಂತ ಒಂದು ಇದೆ, ಅದರಿಂದ ಬೇಲಿ ಹಾಕಿದರೆ ಮಕ್ಕಳು ದಾಟಲಾರರು. ಕ್ರಿಯೇಟಿವ್ ಮೋಡ್ ಬೇಡ, ಅಲ್ಲಿ ಬ್ಲಾಕ್ ಮುಗಿಯುವುದೇ ಇಲ್ಲ, ಪಾಠದ ಜೀವವೇ ಹೋಗುತ್ತದೆ. ಕೈಯಲ್ಲಿ ಇದ್ದಷ್ಟೇ ಬ್ಲಾಕ್ ಬಳಸಬಹುದಾದ ಸರ್ವೈವಲ್ ಮೋಡ್ ಇಟ್ಟು ಕಷ್ಟದ ಮಟ್ಟವನ್ನು ಪೀಸ್‌ಫುಲ್ ಮಾಡಿ, ರಾಕ್ಷಸರ ಕಾಟ ಇರುವುದಿಲ್ಲ. ಮೊದಲ ಐದು ನಿಮಿಷ ಸುಮ್ನೆ ತಿರುಗಾಡಲು ಬಿಡಿ, ಆ ಆಸೆ ತೀರಲಿ. ಕೊನೆಯ ಹದಿನೈದು ನಿಮಿಷ ಮಾತ್ರ ಪರದೆ ಆರಿಸಿ, ನೋಟ್‌ಬುಕ್ ತೆಗೆಸಿ, ಏನಾಯಿತು ಅಂತ ಬರೆಸಿ, ಮಾತಾಡಿಸಿ. ಇದನ್ನು ಬಿಟ್ಟರೆ ಪಾಠ ಆಟವಾಗಿಯೇ ಉಳಿಯುತ್ತದೆ. ಸಮಯ ಸಾಲದಿದ್ದರೆ ಕಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿ, ಮಾತನ್ನು ನಿಲ್ಲಿಸಬೇಡಿ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಮೇಷ್ಟ್ರು ನಾನು. 40 ಮಕ್ಕಳು, 10 ಕಂಪ್ಯೂಟರ್. ಕಣ್ಣಿಗೆ ಕಟ್ಟಿಕೊಂಡು ವರ್ಚುವಲ್ ಲೋಕ ನೋಡುವ ವಿಆರ್ ಹೆಡ್‌ಸೆಟ್ ಒಂದೂ ಇಲ್ಲ. ಇಷ್ಟರಲ್ಲಿ ಏನಾದರೂ ಆಗುತ್ತಾ?

ಉತ್ತರ: ಧಾರಾಳವಾಗಿ ಆಗುತ್ತದೆ ಮೇಷ್ಟ್ರೇ. ಹೆಡ್‌ಸೆಟ್ ಇಲ್ಲ ಅಂತ ಬೇಜಾರು ಬೇಡ. ಶಾಲೆಗೆಂದೇ ಮಾಡಿದ ಒಳ್ಳೆಯ ವರ್ಚುವಲ್ ಲೋಕಗಳಲ್ಲಿ ಎಷ್ಟೋ ಸಾಮಾನ್ಯ ಕಂಪ್ಯೂಟರ್ ಪರದೆಯಲ್ಲೇ ನಡೆದವು. ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಡೀಡ್ ಮತ್ತು ಸಂಗಡಿಗರು ಮಾಡಿದ 'ರಿವರ್ ಸಿಟಿ' ನೋಡಿ. 19ನೇ ಶತಮಾನದ ಒಂದು ಊರು. ಜನ ಕಾಯಿಲೆ ಬೀಳುತ್ತಿದ್ದಾರೆ. ಮಕ್ಕಳು ತಂಡ ಕಟ್ಟಿಕೊಂಡು ಬೀದಿ ಬೀದಿ ತಿರುಗಿ ಜನರನ್ನು ಮಾತಾಡಿಸಬೇಕು, ಆಸ್ಪತ್ರೆ ದಾಖಲೆ ನೋಡಬೇಕು, ನೀರು ಪರೀಕ್ಷೆ ಮಾಡಬೇಕು. ತೊಡಕು ಎಲ್ಲಿದೆ ಅಂದರೆ, ಅಲ್ಲಿರುವುದು ಒಂದೇ ಕಾಯಿಲೆ ಅಲ್ಲ: ನೀರಿನಿಂದ ಬರುವುದು, ಗಾಳಿಯಿಂದ ಬರುವುದು, ಕೀಟದಿಂದ ಬರುವುದು, ಎಲ್ಲ ಕಲಸಿಕೊಂಡಿವೆ. ಊಹೆ ಮಾಡಿ, ಒಂದು ಅಂಶ ಬದಲಿಸಿ ನೋಡಿ, ಕೊನೆಗೆ ಊರಿನ ಮೇಯರ್‌ಗೆ ಪತ್ರ ಬರೆಯಬೇಕು. ವಿಜ್ಞಾನಿ ಮಾಡುವ ಕೆಲಸವೂ ಇದೇ ತಾನೆ?

ಅದೇ ವಿಶ್ವವಿದ್ಯಾಲಯದ ಇನ್ನೊಂದು, 'ಇಕೋಮ್ಯೂವ್'. ಒಂದು ಕೆರೆ, ಒಂದು ಬೆಳಿಗ್ಗೆ ದೊಡ್ಡ ಮೀನುಗಳೆಲ್ಲ ಸತ್ತು ತೇಲುತ್ತಿವೆ. ಮಕ್ಕಳು ಕ್ಯಾಲೆಂಡರ್ ಒತ್ತಿ ಹಿಂದಿನ ದಿನಗಳಿಗೆ ಹೋಗಿ ನೀರಿನ ಅಳತೆ ತೆಗೆಯುತ್ತಾರೆ. ಸತ್ತ ದಿನವನ್ನು ಮಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಾರಣ ಕೆಲವು ವಾರ ಹಿಂದೆ ಇದೆ: ಮಳೆಗೆ ಗೊಬ್ಬರ ಕೊಚ್ಚಿ ಬಂತು, ಪಾಚಿ ಹೆಚ್ಚಿತು, ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕ ಬಳಸಿಕೊಂಡವು.

ಈ ಪಾಠವನ್ನು ನೀವೇ ಸಣ್ಣದಾಗಿ ಮಾಡಬಹುದು. ಮೈನ್‌ಕ್ರಾಫ್ಟ್ ಥರವೇ ಬ್ಲಾಕ್‌ಗಳಿಂದ ಕಟ್ಟುವ ಲುಯಾಂಟಿ ಅಂತ ಒಂದಿದೆ, ಮೊದಲು ಮೈನ್‌ಟೆಸ್ಟ್ ಅನ್ನುತ್ತಿದ್ದರು. ಉಚಿತ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರಲ್ಲಿ ಒಂದೇ ಕೆರೆಯನ್ನು ನಾಲ್ಕು ಸಲ ಪಕ್ಕಪಕ್ಕದಲ್ಲಿ ಕಟ್ಟಿ, ಒಂದೊಂದು ಒಂದೊಂದು ವಾರದ್ದು. ದಡದಲ್ಲಿ ಫಲಕ ನೆಟ್ಟು ಆ ವಾರದ ಅಳತೆ ಬರೆಯಿರಿ. ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂ ಇದ್ದದ್ದು ಕೊನೆಗೆ 2ಕ್ಕಿಂತ ಕೆಳಗೆ ಬರಲಿ, ಅಷ್ಟಕ್ಕೆ ಬಂದರೆ ಬಹಳಷ್ಟು ಮೀನು ಉಳಿಯುವುದಿಲ್ಲ. ಒಂದೇ ದಿನದ ಮಧ್ಯಾಹ್ನದ ಅಳತೆ, ಬೆಳಗಿನ ಜಾವದ ಅಳತೆ ಎರಡನ್ನೂ ಹಾಕಿ. ಮೀನು ಬೆಳಿಗ್ಗೆಯೇ ಯಾಕೆ ಸತ್ತವು ಅಂತ ಒಬ್ಬರಾದರೂ ಕೇಳೇ ಕೇಳುತ್ತಾರೆ. ರಾತ್ರಿ ಬೆಳಕಿಲ್ಲ, ಪಾಚಿ ಆಮ್ಲಜನಕ ತಯಾರಿಸುವುದಿಲ್ಲ, ಆದರೆ ಉಸಿರಾಟ ಎಲ್ಲರದೂ ನಡೆದೇ ಇರುತ್ತದೆ. ಪುಸ್ತಕದ ದ್ಯುತಿಸಂಶ್ಲೇಷಣೆ ಪಾಠ ಸೀದಾ ಕೆರೆಗೆ ಇಳಿದು ಬರುತ್ತದೆ.

ಇನ್ನು 40 ಮಕ್ಕಳು, 10 ಕಂಪ್ಯೂಟರ್ ಅಂದಿರಲ್ಲ, ಲೆಕ್ಕ ಸರಿಯಾಗಿಯೇ ಇದೆ. ನಾಲ್ವರ ತಂಡ. ಒಬ್ಬರು ನಡೆಸಲಿ, ಒಬ್ಬರು ಅಳತೆ ಬರೆಯಲಿ, ಒಬ್ಬರು ಗ್ರಾಫ್ ಹಾಕಲಿ, ಒಬ್ಬರು "ಯಾಕೆ" ಅಂತ ಕೇಳುತ್ತಿರಲಿ. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಗಲಿ, ಇಲ್ಲದಿದ್ದರೆ ಮೌಸ್ ಹಿಡಿದವನು ಬಿಡುವುದೇ ಇಲ್ಲ. ಮುಂದೆ ಹೆಡ್‌ಸೆಟ್ ಬಂದರೂ ಒಂದು ಸಲಕ್ಕೆ ಐದಾರು ನಿಮಿಷ ಸಾಕು, ಕೆಲವು ಮಕ್ಕಳಿಗೆ ತಲೆ ಸುತ್ತುತ್ತದೆ. ತಯಾರಕರು ಹಾಕಿರುವ ವಯಸ್ಸಿನ ಮಿತಿಯನ್ನೂ ಓದಿಕೊಳ್ಳಿ.

ಪ್ರಶ್ನೆ: ನನ್ನ ಮಗಳು 7ನೇ ತರಗತಿ. ಶಾಲೆಯಲ್ಲಿ ಇಂಥ ಲೋಕದಲ್ಲಿ ಪಾಠ ಶುರು ಮಾಡುತ್ತಾರಂತೆ. ಅಪರಿಚಿತರು ಮಾತಾಡಿಸಿದರೆ ಅಂತ ನನಗೆ ಭಯ.

ಉತ್ತರ: ನಿಮ್ಮ ಭಯ ಸರಿಯಾದದ್ದೇ, ಅದನ್ನು ಶಾಲೆಗೆ ಹೋಗಿ ನೇರವಾಗಿ ಹೇಳಿ. ಒಳಗೆ ಯಾರ್ಯಾರು ಬರಬಹುದು, ಚಾಟ್ ಯಾರಿಗೆ ಕಾಣುತ್ತದೆ, ಮಕ್ಕಳ ನಿಜ ಹೆಸರು, ಫೋಟೊ ಎಲ್ಲಾದರೂ ಹೋಗುತ್ತದಾ, ಇಷ್ಟನ್ನು ಕೇಳಿ. ಶಾಲೆಯ ಖಾತೆ ಇದ್ದವರು ಮಾತ್ರ ಬರುವಂಥ, ಬಾಗಿಲು ಹಾಕಿದ ಲೋಕ ಆಗಿದ್ದರೆ ಧೈರ್ಯವಾಗಿ ಕಳಿಸಿ. ಎಲ್ಲರಿಗೂ ತೆರೆದ ಸರ್ವರ್ ಆಗಿದ್ದರೆ ಬೇಡ ಅನ್ನಿ. 2005ರಲ್ಲಿ ಸೆಕೆಂಡ್ ಲೈಫ್ ಅನ್ನುವ ವರ್ಚುವಲ್ ಲೋಕದವರು 13ರಿಂದ 17 ವರ್ಷದವರಿಗೆಂದೇ ಬೇರೆ ಲೋಕ ಮಾಡಿದ್ದು ಈ ಕಾರಣಕ್ಕೇ.

ಆದರೆ ಅಮ್ಮಾ, ನಾನು ಜಾಸ್ತಿ ನೋಡಿರುವ ನೋವು ಅಪರಿಚಿತರಿಂದ ಬಂದದ್ದಲ್ಲ, ಪಕ್ಕದ ಬೆಂಚಿನಿಂದ ಬಂದದ್ದು. ಒಂದು ಹುಡುಗಿ ಮೂರು ದಿನ ಕೂತು ಒಂದು ಗ್ರಂಥಾಲಯ ಕಟ್ಟಿದ್ದಳು, ಒಳಗೆ ಪುಸ್ತಕದ ಕಪಾಟು, ಕಿಟಕಿ ಹತ್ತಿರ ಒಂದು ಕುರ್ಚಿ. ನಾಲ್ಕನೇ ದಿನ ಬಂದು ನೋಡಿದರೆ ಗೋಡೆಯೇ ಇಲ್ಲ. ಅವಳು ಸದ್ದಿಲ್ಲದೆ ಅತ್ತಳು. "ಬರೀ ಆಟ ಅಲ್ವಾ, ಮತ್ತೆ ಕಟ್ಟು" ಅಂತ ಒಬ್ಬ ದೊಡ್ಡವರು ಅಂದರು. ಅದು ಸರಿಯಲ್ಲ. ಅವಳ ಚಿತ್ರದ ಹಾಳೆ ಹರಿದಿದ್ದರೆ ಹಾಗೆ ಅನ್ನುತ್ತಿದ್ದರಾ? ಅವತ್ತು ಪಾಠ ನಿಲ್ಲಿಸಿ ಎಲ್ಲರನ್ನೂ ಕೂರಿಸಿ ಮಾತಾಡಿದೆ. ಕೆಡವಿದ ಇಬ್ಬರು ತಾವೇ ಒಪ್ಪಿಕೊಂಡರು, ಅವಳು ಹೇಳಿದ ಹಾಗೆ ಮತ್ತೆ ಕಟ್ಟಿಕೊಟ್ಟರು. ಈಗ ನಾನು ಪ್ರತಿ ಪಾಠ ಮುಗಿದ ಮೇಲೆ ಒಂದು ಪ್ರತಿ ಉಳಿಸಿಡುತ್ತೇನೆ. ನಿಮ್ಮ ಶಾಲೆಯಲ್ಲಿ ಹೀಗಾದರೆ ಏನು ಮಾಡುತ್ತಾರೆ ಅಂತಲೂ ಕೇಳಿ.

ಪ್ರಶ್ನೆ: ಕಷ್ಟಪಟ್ಟು ಮಾಡಿದ ಪಾಠಗಳೆಲ್ಲ ನಾನು ಬಳಸುತ್ತಿದ್ದ ವರ್ಚುವಲ್ ಲೋಕದ ಸೇವೆ ನಿಂತಾಗ ಹೋದವು. ಮತ್ತೆ ಶುರು ಮಾಡಲು ಮನಸ್ಸಿಲ್ಲ.

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಇಂಥ ಸೇವೆಗಳಲ್ಲಿ ಗೂಗಲ್ ಎಕ್ಸ್‌ಪೆಡಿಷನ್ಸ್ 2021ರಲ್ಲಿ ನಿಂತಿತು, ಆಲ್ಟ್‌ಸ್ಪೇಸ್ ವಿಆರ್ 2023ರಲ್ಲಿ, ಮೊಜಿಲ್ಲಾ ಹಬ್ಸ್ 2024ರಲ್ಲಿ. ಹಾಗಾಗಿ ಪಾಠವನ್ನು ಮೊದಲು ಕಾಗದದ ಮೇಲೆ ಬರೆದಿಡಿ: ಪ್ರಶ್ನೆ ಏನು, ಮಕ್ಕಳು ಏನು ಅಳೆಯುತ್ತಾರೆ, ಕೊನೆಗೆ ಏನು ಮಾತಾಡುತ್ತಾರೆ. ಆ ಹಾಳೆ ಇದ್ದರೆ ಬೇರೆ ಲೋಕದಲ್ಲಿ ಎರಡು ಸಂಜೆಯಲ್ಲಿ ಮತ್ತೆ ಕಟ್ಟಬಹುದು. ಲೋಕವನ್ನು ಫೈಲಾಗಿ ಇಳಿಸಿಕೊಳ್ಳಲು ಬರುತ್ತದಾ ಅಂತ ಮೊದಲ ದಿನವೇ ನೋಡಿ. ಶಾಲೆಯದೇ ಒಂದು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದಾದ ಲುಯಾಂಟಿ, ಓಪನ್‌ಸಿಮ್ಯುಲೇಟರ್ ಥರದವು ನಿಮಗೆ ಹೊಂದುತ್ತವೆ. ಹೋದ ಪಾಠಗಳಲ್ಲಿ ಮಕ್ಕಳಿಗೆ ಯಾವುದು ಎಲ್ಲಕ್ಕಿಂತ ಇಷ್ಟವಾಗಿತ್ತು? ಅದೊಂದನ್ನೇ ಈ ವಾರ ನೆನಪಿನಿಂದ ಬರೆದು ಕಳಿಸಿ, ಎಲ್ಲಿ ಹೇಗೆ ಕಟ್ಟುವುದು ಅಂತ ಜೊತೆಗೆ ಕೂತು ನೋಡೋಣ.