ಅಜ್ಜನ ಅಂಬಾಸಡರ್ ಮತ್ತೆ ಓಡೀತಾ? ಬದಿಯಡ್ಕದ ಕಡೆಯಿಂದ ಒಂದು ಉತ್ತರ

ನೀವು ಕೇಳಿದ್ದು ಎರಡು ಪ್ರಶ್ನೆ. ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಜ್ಜನ ಮನೆಯ ಅಡಿಕೆ ಕೊಟ್ಟಗೆಯಲ್ಲಿ ಹತ್ತು ವರ್ಷದಿಂದ ನಿಂತಿರುವ ಡೀಸೆಲ್ ಅಂಬಾಸಡರ್ ಮತ್ತೆ ಓಡುತ್ತದಾ? ಅಲ್ಲಿ ಮೆಕ್ಯಾನಿಕ್ ಸಿಗದಿದ್ದರೆ ಲಾರಿಗೆ ಹಾಕಿ ಬೆಂಗಳೂರಿಗೆ ತರಿಸಿಕೊಳ್ಳಲಾ?

ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ತರಿಸಬೇಡಿ ಮಾರಾಯ್ರೇ. ಬೆಂಗಳೂರಿನಲ್ಲಿ ಅಂಬಾಸಡರ್ ಈಗ ಮದುವೆ ಫೋಟೋಗೆ ನಿಲ್ಲಿಸುವ ವಸ್ತು. ಇಲ್ಲಿ ಹಾಗಲ್ಲ. ಕೇರಳದ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಅದು ಬಹಳ ಕಾಲ ಓಡಿತ್ತು. ಹಾಗಾಗಿ ಅದರ ಹೊಟ್ಟೆ ಬಗೆದು ಗೊತ್ತಿರುವ ಕೈಗಳು ಇನ್ನೂ ಇವೆ, ವಯಸ್ಸಾಗಿದೆ ಅಷ್ಟೆ. ಅಂಬಾಸಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾಡದ ಕಾರ್ಖಾನೆ 2014ರ ಮೇ ತಿಂಗಳಲ್ಲೇ ನಿಂತುಹೋಯಿತು. ಆದರೂ ಬ್ರೇಕ್ ಕಿಟ್, ಹೋಸ್ ಪೈಪ್, ಕ್ಲಚ್ ಪ್ಲೇಟ್ ಹುಡುಕಿದರೆ ಸಿಗುತ್ತವೆ.

ಓಡುತ್ತದಾ ಅನ್ನುವುದಕ್ಕೆ ನಮ್ಮ ಮನೆಯ ಕಥೆಯೇ ಉತ್ತರ. ಅಪ್ಪ ಮಾಷ್ಟ್ರು. 1992ರಲ್ಲಿ ತೆಗೆದ ಡೀಸೆಲ್ ಗಾಡಿ, 1489 ಸಿಸಿ. ಊರಲ್ಲಿ ಅದರ ಹೆಸರೇ ಮಾಷ್ಟ್ರ ಕಾರು. ಹೆರಿಗೆಗೂ ಅದೇ, ಹೆಣಕ್ಕೂ ಅದೇ. ಅಪ್ಪನ ಕಣ್ಣು ಮಂಜಾದ ಮೇಲೆ ಒಂಬತ್ತು ವರ್ಷ ಹಟ್ಟಿಯ ಪಕ್ಕದ ಮಾಡಿನಲ್ಲಿ ನಿಂತಿತ್ತು. ಟಾರ್ಪಾಲು ಹೊದೆಸಿದ್ದೆವು. ಅದೇ ತಪ್ಪು. ನಮ್ಮ ಮಳೆಗೆ ಟಾರ್ಪಾಲಿನ ಒಳಗೆ ನೀರು ಬೆವರುತ್ತದೆ, ಒಣಗುವುದೇ ಇಲ್ಲ. ಎದುರಿನ ಸೀಟಿನ ಅಡಿಯ ತಗಡು ಹಪ್ಪಳದ ಹಾಗೆ ಆಗಿತ್ತು. ನೀವು ಹೋದ ತಕ್ಷಣ ಹೊದಿಕೆ ತೆಗೆದುಬಿಡಿ.

ಕುಂಬಳೆ ಕಡೆಯ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ಎಪ್ಪತ್ತು ದಾಟಿದವರು. ಮಲಯಾಳ ಅವರ ಮನೆಮಾತು, ತುಳು ಗಿರಾಕಿಗಳಿಂದ ಬಂದದ್ದು, ಕನ್ನಡ ಶಾಲೆಯದ್ದು. ನಾನು ಹೊಸ ಬ್ಯಾಟರಿ ತಂದು ಇಟ್ಟಿದ್ದೆ. ಅದನ್ನು ನೋಡಿ ನಕ್ಕರು.

"ಸ್ಟಾರ್ಟ್ ಮಾಡಿ ನೋಡಿದ್ರಾ?"

"ಇಲ್ಲ, ನೀವು ಬರಲಿ ಅಂತ."

"ಒಳ್ಳೇದಾಯ್ತು. ಬ್ಯಾಟರಿ ಆಚೆ ಇಡಿ. ಹ್ಯಾಂಡಲ್ ಎಲ್ಲುಂಟು?"

ಹ್ಯಾಂಡಲ್ ಅಂದರೆ ಇಂಜಿನ್ನನ್ನು ಎದುರಿನಿಂದ ಕೈಯಲ್ಲಿ ತಿರುಗಿಸುವ ಕಬ್ಬಿಣದ ಸಲಾಕೆ. ಡಿಕ್ಕಿಯಲ್ಲಿತ್ತು. ಇದು ನೀವು ನೆನಪಿಡಬೇಕಾದ ಮಾತು. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು 20 ಪಟ್ಟಿಗಿಂತ ಜಾಸ್ತಿ ಒತ್ತಿ, ಆ ಬಿಸಿಗೇ ಡೀಸೆಲ್ ಹೊತ್ತಬೇಕು. ವರ್ಷಗಟ್ಟಲೆ ನಿಂತ ಮೇಲೆ ಪಿಸ್ಟನ್ ರಿಂಗ್ ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಂಡಿರುತ್ತದೆ. ಆಗ ಸ್ಟಾರ್ಟರ್ ಒತ್ತಿದರೆ ಅಥವಾ ಜೀಪಿಗೆ ಹಗ್ಗ ಕಟ್ಟಿ ಎಳೆದರೆ ರಿಂಗ್ ಮುರಿಯುತ್ತದೆ. ಐದು ಸಾವಿರದ ಕೆಲಸ ಐವತ್ತಾಗುವುದು ಅಲ್ಲೇ. ನಮ್ಮ ಮೇಸ್ತ್ರಿ ಸಿಲಿಂಡರಿಗೆ ಡೀಸೆಲ್ ಸಿಡಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ಲೂ ಇಂಜಿನ್ ಆಯಿಲ್ಲೂ ಕಲಸಿ ಸ್ವಲ್ಪ ಸ್ವಲ್ಪ ಬಿಟ್ಟರು. ತೂತಿಗೆ ಬಟ್ಟೆ ತುರುಕಿ, "ಶುಕ್ರವಾರ ಬರ್ತೇನೆ" ಅಂತ ಹೋದರು. ಅವತ್ತು ಸೋಮವಾರ.

ಶುಕ್ರವಾರ ಹ್ಯಾಂಡಲ್ ಹಾಕಿ ಮೆಲ್ಲಗೆ ಭಾರ ಕೊಟ್ಟರು. ಕದಲಲಿಲ್ಲ. ಬಿಟ್ಟು ಬಿಟ್ಟು ಮತ್ತೆ ಒಂದಿಷ್ಟು ಭಾರ. ಮೂರನೇ ಸಲಕ್ಕೆ ಕಟ್ ಅಂತ ಒಂದು ಸದ್ದು ಬಂದು ಅರ್ಧ ಸುತ್ತು ತಿರುಗಿತು. ತೂತಿನಿಂದ ಕೆಂಪು ತುಕ್ಕಿನ ಎಣ್ಣೆ ಚಿಮ್ಮಿ ನನ್ನ ಅಂಗಿಗೆ ಬಿತ್ತು. ಆ ಅಂಗಿ ಇನ್ನೂ ಉಂಟು.

ಇನ್ನು ಗಡಿಯ ಲೆಕ್ಕ. ಇಂಜೆಕ್ಟರ್ ಮತ್ತು ಡೀಸೆಲ್ ಪಂಪನ್ನು ಮೇಸ್ತ್ರಿ ಮುಟ್ಟುವುದಿಲ್ಲ. ಅದಕ್ಕೆ ಬೇರೆಯೇ ಅಂಗಡಿ, ಟೆಸ್ಟ್ ಬೆಂಚ್ ಇಟ್ಟುಕೊಂಡವರು. ಬಂದರಿನ ಬೋಟು, ಲಾರಿ ಎಲ್ಲ ಇರುವುದರಿಂದ ಮಂಗಳೂರಿನಲ್ಲಿ ಆ ಕೆಲಸ ಚೆನ್ನಾಗಿ ನಡೆಯುತ್ತದೆ. ನಾನು ಪಂಪನ್ನು ಅಕ್ಕಿ ಚೀಲದಲ್ಲಿ ಸುತ್ತಿ, ಕಾಸರಗೋಡಿನಿಂದ ಮಂಗಳೂರು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಐವತ್ತು ಕಿಲೋಮೀಟರು, ತಲಪಾಡಿಯಲ್ಲಿ ರಾಜ್ಯ ಬದಲು. ಅಂಗಡಿಯವರು ಇಂಜೆಕ್ಟರನ್ನು ಕೈ ಪಂಪಿಗೆ ಕಟ್ಟಿ ಒತ್ತಿ ತೋರಿಸಿದರು. ಅದರ ತುದಿಯ ನಾಜಲ್ ಒಳ್ಳೆಯದಿದ್ದರೆ ಡೀಸೆಲ್ ಮಂಜಿನ ಹಾಗೆ ಸಿಡಿಯಬೇಕು. ನಮ್ಮದು ಮಗು ಉಚ್ಚೆ ಹೊಯ್ದ ಹಾಗೆ ಬಂತು. ನಾಲ್ಕೂ ನಾಜಲ್ ಹೊಸತು ಹಾಕಿಸಿದೆ. ವಾಪಸ್ ಕೂರಿಸುವಾಗ ಅಡಿಗೆ ಹೊಸ ತಾಮ್ರದ ವಾಷರ್ ಬೇಕು, ಹಳೆಯದನ್ನೇ ಹಾಕಿದರೆ ಅಲ್ಲಿಂದಲೇ ಗಾಳಿ ಬಿಡುತ್ತದೆ.

ಇಂಜಿನ್ ಇಲ್ಲಿ, ಪಂಪ್ ಅಲ್ಲಿ, ಕಾಗದ ಮತ್ತೆ ಇಲ್ಲಿ. ನಿಮಗೆ ಹೊರಗಿನಿಂದ ನೋಡಿದರೆ ಒದ್ದಾಟ ಅನ್ನಿಸಬಹುದು. ನಮಗೆ ಹಲ್ಲುನೋವಿಗೂ ಇದೇ ದಾರಿ, ಕಾಲೇಜಿಗೂ ಇದೇ ದಾರಿ. 1956ರ ನವೆಂಬರ್ 1ರಂದು ನಾವು ಕೇರಳ ಆದೆವು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ ಗಡಿ ವಿವಾದದ ಮಹಾಜನ ಆಯೋಗದ ವರದಿ 1967ರಲ್ಲಿ ಹೇಳಿತು. ವರದಿ ಅಲ್ಲೇ ಉಳಿಯಿತು, ನಾವು ಬಸ್ ಹತ್ತುತ್ತಾ ಉಳಿದೆವು. ಕಾಸರಗೋಡಿನ ಕೆಎಲ್ 14 ನಂಬರ್ ನೋಡಿ ಮೈಸೂರಿನಲ್ಲಿ ಪಾರ್ಕಿಂಗ್ ಹುಡುಗ ನನ್ನ ಹತ್ತಿರ ಮಲಯಾಳ ಮಾತಾಡಿದ. ನಾನೂ ಮಲಯಾಳದಲ್ಲೇ ಉತ್ತರ ಕೊಟ್ಟೆ, ಪಾಪ ಕಷ್ಟಪಟ್ಟಿದ್ದ.

ಟ್ಯಾಂಕಿನ ವಿಷಯದಲ್ಲಿ ನಾನು ಮಾಡಿದ ದಡ್ಡತನ ನೀವು ಮಾಡಬೇಡಿ. ಟ್ಯಾಂಕ್ ಬಿಚ್ಚಿ ತೊಳೆಯುವ ಬದಲು ಹಳೆ ಡೀಸೆಲ್ ಇಳಿಸಿ ಹೊಸದು ಹಾಕಿದೆ. ಹಳೆ ಡೀಸೆಲ್ ಅಡಿಗೆ ನೀರು ಇಳಿದಿರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಕಪ್ಪು ಲೋಳೆ ಬೆಳೆದಿರುತ್ತದೆ. ಅದು ಗೋಡೆಗೆ ಅಂಟಿಕೊಂಡೇ ಇರುತ್ತದೆ, ಕಾರು ಕುಲುಕಿದಾಗ ಬಿಡುತ್ತದೆ. ಎರಡು ಫಿಲ್ಟರ್ ಒಂದೇ ವಾರದಲ್ಲಿ ಕಟ್ಟಿಕೊಂಡವು. ಆಮೇಲೆ ಟ್ಯಾಂಕ್ ಇಳಿಸಲೇಬೇಕಾಯಿತು.

ಸ್ಟಾರ್ಟ್ ಮಾಡುವ ದಿನ ಮೇಸ್ತ್ರಿ ಮೊದಲು ಲೈನಿನ ಏರ್ ತೆಗೆದರು. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಹಿಡಿಯನ್ನು ಒತ್ತುತ್ತಾ ಇರಬೇಕು. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯುವುದು. ಆಮೇಲೆ ಪಂಪಿನ ಸ್ಕ್ರೂ, ಆಮೇಲೆ ಇಂಜೆಕ್ಟರ್ ಪೈಪಿನ ನಟ್ಟು. "ಏರ್ ಕೇರಿ" ಅಂತ ಅವರು ಹೇಳಿದರೆ ಗಾಳಿ ಹೊಕ್ಕಿದೆ ಅಂತ ಅರ್ಥ, ಆ ಎರಡು ಶಬ್ದ ಕಲಿತರೆ ನಿಮ್ಮ ಅರ್ಧ ಕೆಲಸ ಆಯಿತು.

ಅಷ್ಟಾದ ಮೇಲೆ ನನ್ನ ಕೈಗೆ ಒಂದು ಹಲಗೆ ತುಂಡು ಕೊಟ್ಟು ಏರ್ ಕ್ಲೀನರ್ ಬಿಚ್ಚಿದ ಬಾಯಿಯ ಹತ್ತಿರ ನಿಲ್ಲಿಸಿದರು. ಪಂಪ್ ಒಳಗೆ ಅಂಟಿಕೊಂಡು ಡೀಸೆಲ್ ಜಾಸ್ತಿ ಬಿಟ್ಟರೆ ಇಂಜಿನ್ ತಾನಾಗಿ ಕಿರುಚುತ್ತಾ ಏರುತ್ತದೆ. ಸ್ಟಾಪ್ ನಾಬ್ ಎಳೆದರೂ ನಿಲ್ಲುವುದಿಲ್ಲ, ಕೀ ತೆಗೆದರೆ ಅದಕ್ಕೆ ಲೆಕ್ಕವೇ ಇಲ್ಲ. ಗಾಳಿ ಮುಚ್ಚಿದರೆ ಮಾತ್ರ ಸಾಯುತ್ತದೆ. ಕೈಯಿಂದ ಮುಚ್ಚಲು ಹೋಗಬೇಡಿ, ಹಲಗೆಯೇ ಬೇಕು. ನಮ್ಮದು ಹಾಗೇನೂ ಮಾಡಲಿಲ್ಲ. ಸಿಲಿಂಡರಿನ ಒಳಗೆ ಬಿಸಿ ಮಾಡುವ ಹೀಟರ್ ಕಾಯಿಸಿ, ಎರಡನೇ ಸಲಕ್ಕೆ ಒಂದು ಸಿಲಿಂಡರ್, ಆಮೇಲೆ ಎರಡು, ಕೊನೆಗೆ ನಾಲ್ಕೂ ಹಿಡಿದವು. ಹಟ್ಟಿ ಪೂರ್ತಿ ಬಿಳಿ ಹೊಗೆ. ದನಗಳು ಕಿತ್ತುಕೊಂಡು ಓಡಿದವು. ಅಪ್ಪ ಜಗಲಿಯಿಂದ "ಒಂದು ಮಿಸ್ ಆಗ್ತಾ ಉಂಟು" ಅಂದರು. ಹೌದು, ಒಂದು ಸಿಲಿಂಡರ್ ನಡುನಡುವೆ ತಪ್ಪುತ್ತಿತ್ತು.

ನಾನು ಇಂಜಿನ್ ಬಗ್ಗೆಯೇ ಇಷ್ಟು ಬರೆದೆ. ನಿಜವಾಗಿ ಹಣ ಮೊದಲು ಹಾಕಬೇಕಾದದ್ದು ಬ್ರೇಕಿಗೆ. ನಾಲ್ಕು ಚಕ್ರದ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ರಬ್ಬರ್ ಪೈಪ್ ಎಲ್ಲ ಹೊಸತು. ಟೈರ್ ನುಣುಪಾಗಿ ಕಂಡರೂ ಬಿರುಕು ಬಿಟ್ಟಿರುತ್ತದೆ, ಅದರಲ್ಲಿ ವಾದ ಬೇಡ.

ಓಡಲು ಶುರುವಾದ ಮೇಲೂ ಒಂದು ಪೀಡೆ ಕಾಡಿತು. ಮೂರು ಕಿಲೋಮೀಟರ್ ಚೆನ್ನಾಗಿ ಹೋಗಿ ನೀರ್ಚಾಲಿನ ಹತ್ತಿರ ಸತ್ತೇಹೋಗುವುದು. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಒಬ್ಬ ಗ್ಯಾರೇಜಿನವರು ಪಂಪ್ ಹೋಗಿದೆ, ಮೂವತ್ತು ಸಾವಿರ ಅಂದರು. ನಮ್ಮ ಮೇಸ್ತ್ರಿ ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಂಯ್ ಅಂತ ಗಾಳಿ ಒಳಗೆ ಹೋಯಿತು. ಬ್ರೀದರ್ ಪೈಪಿನ ತುದಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಡೀಸೆಲ್ ಹೋದ ಜಾಗಕ್ಕೆ ಗಾಳಿ ಬರಲು ದಾರಿ ಇಲ್ಲದೆ ಕಾರು ಉಸಿರುಗಟ್ಟುತ್ತಿತ್ತು. ಒಂದು ಸೈಕಲ್ ಕಡ್ಡಿಯಲ್ಲಿ ಚುಚ್ಚಿ ತೆಗೆದರು. ಚಹಾದ ದುಡ್ಡು ಮಾತ್ರ ತೆಗೆದುಕೊಂಡರು.

ಕಾಗದದ ವಿಷಯ. ಹತ್ತು ವರ್ಷ ದಾಟಿದ ಡೀಸೆಲ್ ಓಡಿಸಬಾರದು ಅನ್ನುವುದು ದೆಹಲಿ ಸುತ್ತಿನ ಕಥೆ, ನಮ್ಮದಲ್ಲ. ಇಲ್ಲಿ 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. ಬಾಕಿ ತೆರಿಗೆ, ಗ್ರೀನ್ ಟ್ಯಾಕ್ಸ್ ಬೇರೆ. ನಿಮ್ಮ ಅಜ್ಜ ಈಗ ಇಲ್ಲ ಅಂದಿರಿ. ಹಾಗಾದರೆ ಫಾರ್ಮ್ 31, ಅದು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವ ಅರ್ಜಿ. ಮರಣ ಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಜೊತೆಗಿರಲಿ. ನವೀಕರಣಕ್ಕೆ ಫಾರ್ಮ್ 25. ಕರ್ನಾಟಕದ ನಂಬರ್ ಮಾಡಿಸಬೇಕಾದರೆ ಇಲ್ಲಿಂದ ಎನ್‌ಒಸಿ, ಅದು ಫಾರ್ಮ್ 28. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ನಂಬರ್ ಬದಲಿಸಲೇಬೇಕು. ಆದರೆ ಮೊದಲು ಇಲ್ಲೇ ಆರ್‌ಸಿ ಜೀವಂತ ಮಾಡಿಸಿ, ಆಮೇಲೆ ಆಚೆ ಯೋಚನೆ. ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಸಬೇಡಿ, ತಪಾಸಣೆಗೆ ಒಯ್ಯುವಾಗಲೂ.

ಎಲ್ಲ ಮುಗಿದ ಮೇಲೆ ಮೊದಲ ಸವಾರಿಯೇ ಬೆಂಗಳೂರಿಗೆ ಬೇಡ. ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ನಲವತ್ತು ಕುದುರೆಶಕ್ತಿಯೂ ಇಲ್ಲದ ಇಂಜಿನ್ ರೇಡಿಯೇಟರ್ ಕುದಿಸಿ ನಿಲ್ಲಿಸುತ್ತದೆ. ಒಂದು ತಿಂಗಳು ಇಲ್ಲೇ ಓಡಿಸಿ. ಪೆರ್ಲದಿಂದ ಸಾರಡ್ಕ ದಾಟಿ ವಿಟ್ಲದವರೆಗೆ ಹೋಗಿ ಬನ್ನಿ. ಬರುವಾಗ ಟ್ಯಾಂಕ್ ಆಚೆಯೇ ತುಂಬಿಸಿ, ಕರ್ನಾಟಕದಲ್ಲಿ ಡೀಸೆಲ್ ಅಗ್ಗ. ತಲಪಾಡಿಯ ಆಚೆಯ ಬಂಕಿನಲ್ಲಿ ನಿಂತು ನೋಡಿದರೆ ಕೆಎಲ್ ಗಾಡಿಗಳು ಎಷ್ಟು ಅಂತ ನಿಮಗೇ ಗೊತ್ತಾಗುತ್ತದೆ.

ಜೂನಿಗೆ ಮೊದಲು ಬನ್ನಿ, ಮಳೆ ಹಿಡಿದ ಮೇಲೆ ಕೊಟ್ಟಗೆಯಲ್ಲಿ ಕೆಲಸ ಸಾಗುವುದಿಲ್ಲ. ಡಿಕ್ಕಿಯಲ್ಲಿ ಹ್ಯಾಂಡಲ್ ಉಂಟಾ ಅಂತ ಮನೆಯವರ ಹತ್ತಿರ ನೋಡಿಸಿ ಇಡಿ. ಇಲ್ಲದಿದ್ದರೆ ನಮ್ಮದು ತರುತ್ತೇನೆ.