ಮಗು ಕಾರಿನಲ್ಲೇ ಮಲಗಿದ್ದರೆ?

ಪ್ರಶ್ನೆ: ಮಲ್ಪೆಯಲ್ಲಿ ಮೀನು ತರಲು ಇಳಿಯುವಾಗ ಎರಡು ವರ್ಷದ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆಯಲ್ಲಿರುತ್ತಾಳೆ. ಗಾಜು ಸ್ವಲ್ಪ ಇಳಿಸಿಟ್ಟರೆ ಸಾಕಲ್ಲವೇ ಡಾಕ್ಟ್ರೇ?
- ಓದುಗರೊಬ್ಬರು, ಉಡುಪಿ

ಉತ್ತರ: ಖಂಡಿತ ಸಾಲದು. ನಿದ್ದೆ ಕೆಟ್ಟು ಅತ್ತರೂ ಅಡ್ಡಿಯಿಲ್ಲ, ದಯವಿಟ್ಟು ಎತ್ತಿಕೊಂಡೇ ಇಳಿಯಿರಿ. ಹೊರಗೆ 33 ಡಿಗ್ರಿ ಇದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 40 ದಾಟುತ್ತದೆ; ಬೆರಳಗಲ ತೆರೆದ ಗಾಜಿನಿಂದ ಹೆಚ್ಚೇನೂ ವ್ಯತ್ಯಾಸವಾಗದು. ಮಕ್ಕಳ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಕಾಯುತ್ತದೆ. ಬಂಗುಡೆಗೆ ಚೌಕಾಸಿ ಮಾಡಿ, ಕ್ಲೀನ್ ಮಾಡಿಸುವಷ್ಟರಲ್ಲಿ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಏಸಿ ಹಾಕಿಟ್ಟು ಹೋಗುವುದೂ ಬೇಡ, ಎಂಜಿನ್ ನಿಂತುಬಿಟ್ಟರೆ?

ಬೇರೆಯವರ ಕಾರಿನಲ್ಲಿ ಒಂಟಿ ಮಗು ಕಂಡರೆ ಸಂಕೋಚಪಡದೆ 112ಕ್ಕೆ ಫೋನ್ ಮಾಡಿ. ಮೈ ಸುಡುತ್ತಾ ಮಂಕಾಗಿದ್ದರೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.