ನೆಟ್‌ವರ್ಕ್ ಟೆಕ್ನಿಕಲ್ ಸಪೋರ್ಟ್ ಇಂಜಿನಿಯರ್ ಹುದ್ದೆಯ ಸಂದರ್ಶನದಲ್ಲಿ ಏನನ್ನು ಪರೀಕ್ಷಿಸುತ್ತಾರೆ?

ನೆಟ್‌ವರ್ಕ್ ಸಂವಹನವನ್ನು ಪದರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ 7 ಪದರಗಳನ್ನು ಒಪ್ಪಿಸುವುದಕ್ಕಿಂತ, ದೋಷವೊಂದನ್ನು ನೀವು ಯಾವ ಕ್ರಮದಲ್ಲಿ ಹುಡುಕುತ್ತೀರಿ ಎಂಬುದೇ ಅಲ್ಲಿ ಮುಖ್ಯ. ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ಪಿಂಗ್ (ಸಂಪರ್ಕವನ್ನು ಪರೀಕ್ಷಿಸುವ ಪುಟ್ಟ ಸಂದೇಶ) ಹೋಗುತ್ತಿದ್ದರೂ ದೊಡ್ಡ ಫೈಲುಗಳು ಮಾತ್ರ ಅರ್ಧಕ್ಕೇ ನಿಲ್ಲುತ್ತವೆ ಎಂದು ಗ್ರಾಹಕರು ದೂರಿದರು ಎನ್ನಿ. ಆಗ ಪ್ಯಾಕೆಟ್ಟನ್ನು (ದತ್ತಾಂಶದ ಕಂತನ್ನು) ತುಂಡರಿಸಬಾರದೆಂಬ ಸೂಚನೆಯೊಂದಿಗೆ 1472 ಬೈಟ್‌ಗಳ ಪಿಂಗ್ ಕಳುಹಿಸಿ, ಅದು ಹೋಗದಿದ್ದರೆ ಗಾತ್ರವನ್ನು ಇಳಿಸುತ್ತಾ, ಆ ಮಾರ್ಗದ ಎಂಟಿಯು, ಅಂದರೆ ತುಂಡಾಗದೆ ಹೋಗಬಲ್ಲ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಎಷ್ಟೆಂದು ಕಂಡುಕೊಳ್ಳಬೇಕು. ಐಪಿ ಮತ್ತು ಐಸಿಎಂಪಿ (ಪಿಂಗ್ ಹಾಗೂ ದೋಷಸೂಚನೆಗಳನ್ನು ಸಾಗಿಸುವ ಪ್ರೋಟೋಕಾಲ್) ಹೆಡರ್‌ಗಳ, ಅಂದರೆ ಪ್ಯಾಕೆಟ್ಟಿನ ಆರಂಭದಲ್ಲಿರುವ ನಿರ್ವಹಣಾ ಮಾಹಿತಿಯ, 28 ಬೈಟ್ ಸೇರಿ ಈಥರ್ನೆಟ್‌ನ ಸಾಮಾನ್ಯ ಮಿತಿಯಾದ 1500 ಆಗುತ್ತದೆ ಎಂಬ ಲೆಕ್ಕವನ್ನೂ ವಿವರಿಸಿದರೆ ಒಳ್ಳೆಯದು. ವಿಪಿಎನ್ ತನ್ನ ಹೆಡರನ್ನೂ ಸೇರಿಸುವುದರಿಂದ ದತ್ತಾಂಶಕ್ಕೆ ಜಾಗ ಕಡಿಮೆಯಾಗುತ್ತದೆ. ಪ್ಯಾಕೆಟ್ ತೀರಾ ದೊಡ್ಡದಾಯಿತು ಎಂದು ತಿಳಿಸುವ ಐಸಿಎಂಪಿ ಸಂದೇಶಗಳನ್ನು ನಡುವಿನ ಫೈರ್‌ವಾಲ್ ತಡೆದರೆ ಕಳುಹಿಸುವ ಕಂಪ್ಯೂಟರಿಗೆ ಅದು ತಿಳಿಯುವುದೇ ಇಲ್ಲ. ಆದರೆ ನನ್ನ ಮಟ್ಟಿಗೆ, ಯಾವುದೇ ಕಮಾಂಡ್ ಹೇಳುವ ಮೊದಲು ‘ಇತ್ತೀಚೆಗೆ ಏನಾದರೂ ಬದಲಾಯಿಸಿದ್ದೀರಾ?’ ಎಂದು ಕೇಳುವ ಅಭ್ಯರ್ಥಿಯೇ ಹೆಚ್ಚು ಭರವಸೆ ಮೂಡಿಸುತ್ತಾರೆ.